ಐದು ಬಾಟಲಿಯ ಪಾಠ

ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ಬಾಟಲಿ ತೊಳೆಯುತ್ತಾ ನನಗೆ ಇಪ್ಪತ್ತೆಂಟು ವರ್ಷವಾಯಿತು. ಅಷ್ಟೂ ವರ್ಷ ಬುರುಡೆ ಬಿಟ್ಟುಕೊಂಡೇ ಬಂದಿದ್ದೇನೆ. ಮೂಲೆಯಲ್ಲಿ ನೇತಾಡುವ ಅಸ್ಥಿಪಂಜರ ಹಳೆಯ ಪ್ರಿನ್ಸಿಪಾಲರದು, ಬಡ್ತಿಯ ಆದೇಶಕ್ಕೆ ಕಾಯುತ್ತಾ ನಿಂತು ನಿಂತು ಹೀಗಾದರು ಎಂದರೆ, ಹೊಸದಾಗಿ ಸೇರಿದ ಮಕ್ಕಳು ಒಂದು ವಾರ ಅದಕ್ಕೆ ನಮಸ್ಕಾರ ಹೊಡೆದೇ ಒಳಗೆ ಬರುತ್ತಿದ್ದರು. ಅವೆಲ್ಲ ನಗಿಸುವ ಸುಳ್ಳುಗಳು. ಸಿಟ್ಟಿನಲ್ಲಿ ಹೇಳಿದ್ದು ಒಂದೇ ಒಂದು.

ಎಲ್ಲಾ ಶುರುವಾದದ್ದು ನನ್ನ ಹೆಂಡತಿಯ ರಕ್ತ-ಮೂತ್ರ ಪರೀಕ್ಷೆಯ ಚೀಟಿಯಿಂದ. ಲ್ಯಾಬಿಗೆ ಹೊಸದಾಗಿ ಬಂದಿದ್ದ ತಾತ್ಕಾಲಿಕ ಮೇಡಂ ಹತ್ತಿರ ಹೋಗಿ, "ಇದೇನು ಬರೆದವ್ರೆ ಸ್ವಲ್ಪ ನೋಡಿ ತಾಯಿ" ಅಂದೆ. ಆ ಹುಡುಗಿಗೆ ನನ್ನ ಮಗಳ ವಯಸ್ಸು. ಬಾಯಲ್ಲಿ ಹೇಳಿ ಬಿಡಲಿಲ್ಲ. ನೀರಿಗೆ ಗ್ಲೂಕೋಸ್ ಹಾಕಿ, ನೀಲಿ ದ್ರಾವಣ ಬೆರೆಸಿ ಕಾಯಿಸಿದಳು. ನೀಲಿ ಹೋಗಿ ಇಟ್ಟಿಗೆ ಬಣ್ಣ ಬಂತು.

"ಅತ್ತಿಗೆಗೆ ಆಗಿರೋದು ಇದೇ. ಸಕ್ಕರೆ ಮೈಗೆ ಹತ್ತದೆ ಮೂತ್ರದಲ್ಲಿ ಹೊರಗೆ ಹೋಗ್ತಿದೆ."

ಅಲ್ಲಿಂದ ಹುಟ್ಟಿತು ಐದು ಬಾಟಲಿಯ ಪಾಠ. ನೀರು, ಉಪ್ಪು, ಒಂದು ಹನಿ ಹಳದಿ ಬಣ್ಣ ಸೇರಿಸಿ ನಾನು ಸುಳ್ಳು ಮೂತ್ರ ತಯಾರಿಸುತ್ತಿದ್ದೆ. ಎರಡಕ್ಕೆ ಮಾತ್ರ ಗ್ಲೂಕೋಸ್. ಒಂದೊಂದು ಬಾಟಲಿಗೆ ಒಬ್ಬೊಬ್ಬ ರೋಗಿಯ ಕಥೆ. ಯಾರಿಗೆ ಕಾಯಿಲೆ, ಯಾರಿಗಿಲ್ಲ, ಮಕ್ಕಳೇ ಪರೀಕ್ಷೆ ಮಾಡಿ ಹೇಳಬೇಕು. ಮೂರನೇ ಬಾಟಲಿ ನಮ್ಮವಳು. 'ವಯಸ್ಸು ಐವತ್ತೆರಡು, ಸದಾ ಬಾಯಾರಿಕೆ, ಸುಸ್ತು, ಗಂಡನ ಮೇಲೆ ಸಿಟ್ಟು' ಎಂದು ನಾನು ಹೇಳಿಕೊಟ್ಟಿದ್ದೆ. ಕೊನೆಯದನ್ನು ಮೇಡಂ ಹೊಡೆದುಹಾಕಿದಳು.

"ಮುಖ್ಯವಾದ ಲಕ್ಷಣಾನೇ ತೆಗೆದುಬಿಟ್ಟಳಲ್ಲ!" ಎಂದು ನನ್ನ ಹೆಂಡತಿ ಗೊಣಗಿದಳು.

ಹಿಂದಿನ ಬೆಂಚಿನಲ್ಲಿ ಮಲಗುತ್ತಿದ್ದವರೆಲ್ಲ ಎದ್ದು ನಿಂತು ಜಗಳವಾಡುವಂಥ ಪಾಠ ಅದು. ಆರೋಗ್ಯದ ಮೂಲಕ ವಿಜ್ಞಾನ ಕಲಿಸುವ ಪಾಠಗಳಿಗೆಂದೇ ಕಂಪ್ಯೂಟರಿನಲ್ಲಿ ಒಂದು ಜಾಗವಿದೆಯಂತೆ. ಗುರುತಿಲ್ಲದ ಇಬ್ಬರು ಮೇಷ್ಟ್ರುಗಳು ಪಾಠವನ್ನು ಓದಿ, ತಮ್ಮ ಕ್ಲಾಸಿನಲ್ಲಿ ಮಾಡಿ ನೋಡಿ, ಸರಿ ಅಂದರೆ ಮಾತ್ರ ಅದಕ್ಕೆ ಅಲ್ಲಿ ಜಾಗ. ಆಮೇಲೆ ಎಲ್ಲಿಯ ಮೇಷ್ಟ್ರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು. ತನ್ನ ಹೆಸರಿನಲ್ಲಿ ಒಂದು ಪಾಠ ಅಲ್ಲಿ ಸೇರಿದರೆ ಮೇಡಂಗೆ ಮುಂದಿನ ವರ್ಷ ಎಲ್ಲಾದರೂ ಖಾಯಂ ಕೆಲಸ ಸಿಗುವ ದಾರಿ. ಇಲ್ಲದಿದ್ದರೆ ಮಾರ್ಚ್‌ಗೆ ಮನೆಗೆ.

ಪಾಠ ಹೋಗಬೇಕಾದದ್ದು ವಿಭಾಗದ ಮುಖ್ಯಸ್ಥರ ಕೈ ದಾಟಿ. ಅವರಿಗೆ ನಾವಿಟ್ಟ ಹೆಸರು ಮೊಹರು ಸಾರ್. ಕಂಡದ್ದಕ್ಕೆಲ್ಲ ಮೊಹರು ಒತ್ತುವ ಆಸಾಮಿ. ಒಮ್ಮೆ ಕೈತಪ್ಪಿ ಚಪಾತಿಗೂ ಒತ್ತಿ, ದಾಖಲೆ ಹಾಳಾಗಬಾರದೆಂದು ತಿನ್ನದೆ ಉಪವಾಸ ಕೂತಿದ್ದರು. ನಂಬುವುದಾದರೆ ನಂಬಿ. ಆದರೆ ಇದನ್ನು ನಂಬಲೇಬೇಕು: ಮೇಜು ಒರೆಸುವಾಗ ಪಾಠದ ಪ್ರತಿ ನನ್ನ ಕಣ್ಣಿಗೆ ಬಿತ್ತು. ಮೇಲೆ ಇದ್ದದ್ದು ಅವರ ಹೆಸರು. ಮೇಡಂ ಹೆಸರು ಮೇಲೂ ಇಲ್ಲ, ಕೆಳಗೂ ಇಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ಓಡಿಹೋಗಿ ಹೇಳಿದರೆ ಮೇಡಂ ತಲೆ ತಗ್ಗಿಸಿ, "ಬಿಡಿ ಅಣ್ಣ, ಜಗಳ ಆಡಿದ್ರೆ ಮಾರ್ಚ್‌ವರೆಗೂ ಇರೋಕೆ ಬಿಡಲ್ಲ" ಅಂದಳು. ಆ 'ಬಿಡಿ' ಕೇಳಿ ಇನ್ನೂ ಉರಿಯಿತು.

ಮೂರು ದಿನದ ಮೇಲೆ ಮೊಹರು ಸಾರ್ ಲ್ಯಾಬಿಗೆ ಬಂದರು. ಪಾಠ ಪರಿಶೀಲಿಸುವವರು ಏನೋ ಕೇಳಿದ್ದರು.

"ಅಲ್ಲಯ್ಯಾ, ಆ ಮೂತ್ರಕ್ಕೆ ಬಣ್ಣ ಏನು ಹಾಕ್ತೀಯ?"

ನಾನು ನಗುನಗುತ್ತಲೇ ಹೇಳಿದೆ. "ಟೀ ಡಿಕಾಕ್ಷನ್ ಸಾರ್. ಹಾಲಿಲ್ಲದೆ, ಸ್ಟ್ರಾಂಗ್ ಆಗಿ."

ಅವರು ಬರೆದುಕೊಂಡರು. ಒಮ್ಮೆ ಬಣ್ಣ ಮುಗಿದಾಗ ಟೀ ಹಾಕಿ ನೋಡಿದ್ದೆವು. ಟೀ ತಾನೇ ನೀಲಿಯನ್ನು ಕೆಡಿಸುತ್ತದೆ, ಆರೋಗ್ಯವಂತನ ಬಾಟಲಿಯೂ ನೀಲಿಯಾಗಿ ಉಳಿಯುವುದಿಲ್ಲ. ಅದು ಗೊತ್ತಿದ್ದೇ ಹೇಳಿದೆ. ಆ ಸಂಜೆ ಸೈಕಲ್ ತುಳಿಯುತ್ತಾ ಮನೆ ತನಕ ಶಿಳ್ಳೆ ಹೊಡೆದುಕೊಂಡು ಹೋದೆ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮೊಹರು ಸಾರ್ ಕೋಣೆಯಿಂದ ಗದರಿಕೆ ಕೇಳಿ ಬಾಗಿಲಿಗೆ ಹೋದೆ. ಮೇಡಂ ನಿಂತಿದ್ದಳು. ಸಾರ್ ಕೈಯಲ್ಲಿ ಪಾಠ ಪರಿಶೀಲಿಸಿದವರ ಕಾಗದ.

"ಅರವತ್ತು ಮಕ್ಕಳು ಮಾಡಿದ್ರಂತೆ, ಒಬ್ಬ ರೋಗಿಯೂ ಆರೋಗ್ಯವಾಗಿಲ್ಲ! ಒಂದು ಹುಡುಗಿ ಅಳ್ತಾ ಕೂತಳಂತೆ. ಅವರಪ್ಪನಿಗೆ ಈ ಪರೀಕ್ಷೆ ಮಾಡಿಯೇ ಕಾಯಿಲೆ ಅಂದಿದ್ರಂತೆ, ಹಾಗಾದ್ರೆ ಅದೂ ಸುಳ್ಳಾ ಅಂತ ಕೇಳಿದ್ಲಂತೆ. ಎಂಥಾ ಪಾಠರೀ ಇದು ನಿಮ್ಮದು?"

"ನನ್ನದಾ ಸಾರ್?"

"ಮತ್ಯಾರದು? ತಾತ್ಕಾಲಿಕ ಉಪನ್ಯಾಸಕಿಯ ತಪ್ಪು ಅಂತ ಈಗಲೇ ಬರೀತೀನಿ. ನಿಮ್ಮ ಹೆಸರು ಹಾಕಿಯೇ ಬರೀತೀನಿ."

ಹೊಗಳಿಕೆಗೆ ಬೇಡವಾಗಿದ್ದ ಹೆಸರು ಬೈಗುಳಕ್ಕೆ ಬೇಕಾಗಿತ್ತು! ನಾನು ನುಗ್ಗಿದೆ.

"ಪಾಠ ಕದ್ದೋರು ನೀವು, ಸಾರ್. ಟೀ ಅಂತ ಸುಳ್ಳು ಹೇಳಿದ್ದು ನಾನು. ಬೇಕಂತಲೇ ಹೇಳಿದೆ. ಅವರ ಹೆಸರು ಎತ್ತಬೇಡಿ."

ಮೊಹರು ಸಾರ್ ಬಾಯಿ ತೆರೆಯುವ ಮೊದಲೇ ಮೇಡಂ ನನ್ನ ಕಡೆ ತಿರುಗಿದಳು. ಅವಳ ಸಿಟ್ಟನ್ನು ನಾನು ಕಂಡದ್ದು ಅಂದೇ.

"ನಿಮ್ಮ ಸೇಡಿಗೆ ನನ್ನ ಪಾಠಾನೇ ಬೇಕಿತ್ತಾ? ನನ್ನ ಹೆಸರು ಹೋದ್ರೂ ಪಾಠ ಸರಿಯಾಗಿರುತ್ತೆ, ಎಲ್ಲೋ ಯಾರೋ ಕಲೀತಾರೆ ಅಂತ ಸುಮ್ನಿದ್ದೆ. ಆ ಹುಡುಗಿ ನಾಳೆ ಅವರಪ್ಪನ ಮಾತ್ರೆ ನಿಲ್ಲಿಸಿದ್ರೆ? ಮೂರನೇ ಬಾಟಲಿ ಅತ್ತಿಗೆ ಅಂತ ನೀವೇ ಅಲ್ವಾ ಹೇಳಿದ್ದು?"

ನಾನು ಮೇಜಿನ ಮೇಲಿದ್ದ ಪೆನ್ನು ತೆಗೆದು ಅವಳ ಮುಂದೆ ಹಿಡಿದೆ.

"ಬರೀರಿ ತಾಯಿ," ಅಂದೆ. "ನಾನು ಹೇಳ್ತೀನಿ, ನೀವು ಬರೀರಿ. ಎಲ್ಲಾ ಬರೀರಿ."

"ಕೆಲಸ ಹೋಗುತ್ತೆ ನಿಂಗೆ!" ಎಂದು ಮೊಹರು ಸಾರ್ ಮೇಜು ಗುದ್ದಿದರು.

"ಹೋಗ್ಲಿ ಸಾರ್. ಆದೇಶಕ್ಕೆ ಮೊಹರು ಒತ್ತೋದು ಮರೀಬೇಡಿ."

ಪರಿಶೀಲಿಸುವವರಿಗೆ ಬರೆದೆವು. ಮಾಡಿದವರು ಯಾರು, ಹೆಸರು ತೆಗೆದವರು ಯಾರು, ಟೀ ಎಂದವನು ಯಾರು, ಎಲ್ಲಾ. ಆ ಹುಡುಗಿಗೆ ಪರೀಕ್ಷೆ ಸುಳ್ಳಲ್ಲ, ಬಾಟಲಿ ಸುಳ್ಳು ಎಂದು ಮೊದಲು ಹೇಳಿ ಎಂದೂ ಬರೆಸಿದೆ. ಟೀ ಹಾಕಿದ್ದು, ಹಳದಿ ಬಣ್ಣ ಹಾಕಿದ್ದು, ಎರಡು ಬಗೆಯ ಬಾಟಲಿಗಳನ್ನೂ ಅಕ್ಕಪಕ್ಕ ಕಾಯಿಸಿ ಫೋಟೋ ಸೇರಿಸಿದೆವು. ಅಷ್ಟು ಹೊತ್ತೂ ಮೇಡಂ ನನ್ನ ಮುಖ ನೋಡಲಿಲ್ಲ.

ಮನೆಯಲ್ಲಿ ಹೇಳಿದಾಗ ಹೆಂಡತಿ ಲೋಟ ಕುಕ್ಕಿದಳು. "ನನ್ನ ಕಾಯಿಲೇನ ಇಟ್ಕೊಂಡು ತಮಾಷೆ ಮಾಡಿದ್ರಾ? ಆ ಲಕ್ಷಣ ಮತ್ತೆ ಸೇರಿಸೋಕೆ ಹೇಳಿ ಆ ಮಗೂಗೆ."

ಮಾರ್ಚ್‌ಗೆ ಮೇಡಂನ ಕೆಲಸವನ್ನು ಮುಂದುವರಿಸಲಿಲ್ಲ. ನನಗೆ ಮೆಮೊ ಕೊಟ್ಟರು, ಮೂರು ಮೊಹರು. ತೆಗೆದುಹಾಕಲಿಲ್ಲ, ಯಾವ ದ್ರಾವಣ ಯಾವ ಕಪಾಟಿನಲ್ಲಿದೆ ಎಂದು ಬೇರೆ ಯಾರಿಗೂ ಗೊತ್ತಿಲ್ಲವಲ್ಲ. ಪಾಠ ಜೂನ್‌ನಲ್ಲಿ ಒಪ್ಪಿಗೆಯಾಯಿತು. ಅದೇ ಪಾಠ ಹಿಡಿದುಕೊಂಡು ಮೇಡಂ ಎರಡು ಕಡೆ ಅರ್ಜಿ ಹಾಕಿದ್ದಾಳಂತೆ. ನನಗೆ ಹೇಳಿದ್ದು ಅವಳಲ್ಲ, ನನ್ನ ಹೆಂಡತಿ. ಅವಳ ಅತ್ತಿಗೆಗೆ ಫೋನ್ ಬರುತ್ತದೆ, ನನಗೆ ಬರುವುದಿಲ್ಲ.

ನಿನ್ನೆ ಮೊಹರು ಸಾರೇ ಆ ಪಾಠ ಮಾಡಬೇಕಾಯಿತು. ಮಕ್ಕಳ ಕೈಯಲ್ಲಿ ಮುದ್ರಿಸಿದ ಹಾಳೆ. ಮುಂದಿನ ಬೆಂಚಿನ ಹುಡುಗಿ ಎದ್ದು ಮೇಲಿನ ಹೆಸರು ಓದಿ, "ಇವರು ಯಾರು ಸಾರ್?" ಅಂದಳು.

ಸಾರ್ ಕಿಟಕಿ ನೋಡಿದರು. ಎಲ್ಲರೂ ನನ್ನ ಕಡೆ ತಿರುಗಿದರು, ಬುರುಡೆಗೆ ಕಾಯುತ್ತಾ ಆಗಲೇ ನಗುಮುಖ ಮಾಡಿಕೊಂಡು.

"ಇದೇ ಲ್ಯಾಬಲ್ಲಿದ್ರು," ಅಂದೆ. "ಈ ಪಾಠ ಅವರದು. ಕೆಳಗಡೆ 'ಟೀ ಹಾಕಬಾರದು' ಅಂತಿದೆಯಲ್ಲ, ಅದು ನಂದು."

ಯಾರೂ ನಗಲಿಲ್ಲ. ನಾನು ಮೂರನೇ ಬಾಟಲಿಯ ಮುಚ್ಚಳ ತೆಗೆದು ಆ ಹುಡುಗಿಯ ಮುಂದಿಟ್ಟೆ.