ಪಕ್ಕೆಯ ನೀಲಿ ಗುರುತು

ಮತ್ತೆ ಆ ನೀಲಿ ಗುರುತು, ಅಜ್ಜಿಯ ಅಂಗಿ ಸರಿದಾಗ ಕಂಕುಳ ಕೆಳಗೆ, ಪಕ್ಕೆಯ ಮೇಲೆ, ಪೆನ್ನಿನಲ್ಲಿ ಅಡ್ಡಾದಿಡ್ಡಿ ಎಳೆದ ಎರಡು ಗೀಟು — ದೊಂಗ್‌ಗಾಂಗ್ ಬಂದರಿನಲ್ಲಿ ಹರಾಜಿಗೆ ಮಲಗಿಸಿದ ಟ್ಯೂನಾ ಮೀನುಗಳಿಗೂ ಹೀಗೇ ಗುರುತು ಹಾಕುತ್ತಾರೆ, ಐಸ್ ಗಾಡಿ ತಳ್ಳಿಕೊಂಡು ಹೋಗುವ ಬಿಂಗ್ ದಿನಾ ನೋಡುತ್ತಾನೆ, ಗುರುತು ಬಿತ್ತೋ ಮುಗೀತು, ಇನ್ನು ಕತ್ತಿಯೇ. ಆಸ್ಪತ್ರೆಗೆ ಸೇರಿಸಿದ ಮೊದಲ ದಿನವೇ ಕೂಗಾಡಿದ್ದ, ನಮ್ಮಜ್ಜಿ ಏನ್ ಮೀನಾ, ಯಾರ್ರೀ ಗೀಚಿದ್ದು, ನರ್ಸ್ ಪೇ-ರು ತಲೆ ಕೂಡ ಎತ್ತಲಿಲ್ಲ, ನಾನೇ ಗೀಚಿದ್ದು, ಕೂಗೋದಾದ್ರೆ ಬಂದರಿಗೆ ಹೋಗಿ ಕೂಗು — ಆಮೇಲೆ ಅವಳೇ ಹೇಳಿದಳು, ಅಜ್ಜಿಯ ಕತ್ತಿನಲ್ಲಿ ಇಳಿದಿರುವ ಈ ಹಳದಿ ನಳಿಗೆ ಹೃದಯ ದಾಟಿ ಶ್ವಾಸಕೋಶದ ರಕ್ತನಾಳದಲ್ಲಿ ಕೂತಿದೆ, ಅಲ್ಲಿಯ ಒತ್ತಡ ಕಂಬಕ್ಕೆ ಕಟ್ಟಿದ ಪುಟ್ಟ ಡಬ್ಬಿಗೆ ಬರುತ್ತೆ, ಡಬ್ಬಿಯಿಂದ ಪರದೆಗೆ, ಅಂಕಿ ಏರಿದರೆ ಎದೆಯಲ್ಲಿ ನೀರು ತುಂಬ್ತಿದೆ ಅಂತ. ಈಗ ಹತ್ತೊಂಬತ್ತು. ಇಳೀಲಿ, ಇನ್ನೂ ಇಳೀಲಿ, ನಿನ್ನ ದಮ್ಮಯ್ಯ. ಸಂಜೆವರೆಗೆ ಹೀಗೇ ನಿಂತರೆ ಔಷಧಿ ಹಿಡೀತು ಅಂತಲೇ, ಮತ್ತೆ ಏರಿದರೆ ಮನೆಗೆ ಕರ್ಕೊಂಡು ಹೋಗೋದನ್ನ ಮನೆಯವರು ಯೋಚಿಸಿ, ಡಾಕ್ಟರ ಮಾತು — ಮನೆಯವರು ಅಂದರೆ ಚಿಕ್ಕಪ್ಪ, ಮಂಚದ ಆ ಕಡೆ ನಿಂತಿದ್ದಾನೆ, ನಡುಮನೆಯಲ್ಲಿ ಸಾಯುವವರನ್ನು ಮಲಗಿಸೋ ಹಲಗೆ ಹಾಸಿಟ್ಟೇ ಬಂದಿದ್ದಾನೆ, ಆಂಬುಲೆನ್ಸಿನವನಿಗೂ ಹೇಳಿಟ್ಟಿದ್ದಾನೆ, ಒಂದುಸಿರು ಇರುವಾಗ್ಲೇ ಅಮ್ಮ ಮನೆ ಸೇರ್ಬೇಕು ಕಣೋ, ಇಲ್ಲಿ ಜೀವ ಹೋದ್ರೆ ದಾರಿ ತಪ್ಪಿ ಅಲೀತಾಳೆ, ಹಾಗಂದು ಮಗುವಿನ ಹಾಗೆ ಕಣ್ಣೊರೆಸಿಕೊಂಡ, ಅವನಿಗೆ ಎರಡು ಬಿಗಿಯೋಣ ಅಂದರೆ ಕೈಯೇ ಏಳಲ್ಲ.

ತಲೆ ಎತ್ತೋ ಬಿಂಗ್, ಮಲಗೋಕಾಗಲ್ಲ, ಮುಖಕ್ಕೆ ಹಾಕಿದ ಗಾಳಿ ಮಾಸ್ಕಿನೊಳಗಿಂದ ಅಜ್ಜಿ. ಅವಳು ಯಾವತ್ತು ನೆಟ್ಟಗೆ ಮಲಗಿದ್ದಾಳೆ, ಸೀಗಡಿ ಸುಲೀತಾ ಸುಲೀತಾ ಗೋಡೆಗೊರಗಿ ತೂಕಡಿಸಿದ್ದೇ ನಿದ್ದೆ, ಅವನು ಮೇಷ್ಟ್ರ ಮೇಲೆ ಸ್ಟೂಲ್ ಎಸೆದು ಶಾಲೆ ಬಿಟ್ಟು ಬಂದ ದಿನವೂ ಒರಗಿಯೇ ಇದ್ದಳು, ತಾಗ್ತಾ, ಇಲ್ಲ, ಥೂ, ಗುರಿಯೂ ಇಲ್ಲ ನಿಂಗೆ, ಕೂತ್ಕೋ, ಸುಲಿ — ಐಸ್ ಒಡೆದು ಮನೆಗೆ ಬಂದರೆ ಅವನ ಕೈ ಎಳೆದು ಕಂಕುಳಲ್ಲಿ ಅಮುಕಿಕೊಳ್ಳುತ್ತಿದ್ದಳು, ಸತ್ತ ಮೀನಿನ ಕೈ ಕಣೋ ನಿಂದು, ಬಿಸಿ ಏರೋವರೆಗೂ ಬೈಗುಳ, ಬಿಸಿ ಏರಿದ ಮೇಲೂ ಬಿಡುತ್ತಿರಲಿಲ್ಲ. ಅವಳು ಕೇಳಿದಳು, ಅವನು ಗುಂಡಿ ಒತ್ತಿದ, ಮಂಚದ ತಲೆ ಎದ್ದಿತು, ಅಜ್ಜಿ ಹಾ ಅಂದಳು — ಪರದೆಯಲ್ಲಿ ಇಪ್ಪತ್ತಮೂರು, ಇಪ್ಪತ್ತಾರು, ಇಪ್ಪತ್ತೆಂಟು, ಗಂಟೆ ಬಡಕೊಳ್ಳುತ್ತಿದೆ, ನೋಡಿದ್ಯಾ, ನೋಡಿದ್ಯೇನೋ, ಚಿಕ್ಕಪ್ಪ ಫೋನು ತೆಗೆದು ಬಾಗಿಲಿಗೆ ನಡೆದೇಬಿಟ್ಟ, ನಾನೇ, ನಾನೇ ನೀರು ತುಂಬಿಸಿದೆ, ಒಂದು ಗುಂಡಿ ಒತ್ತಿ ನಾನೇ ಅವಳನ್ನ —

ಯಾರಯ್ಯಾ ಮಂಚ ಎತ್ತಿದ್ದು, ಪೇ-ರು ಓಡಿ ಬಂದಳು, ನಾನು, ಗೊತ್ತಿತ್ತು ಬಿಡು, ಮಂಚ ಎತ್ತಿದ್ರೆ ಹೃದಯಾನೂ ಮೇಲೆ ಹೋಯ್ತಲ್ಲಪ್ಪ, ಡಬ್ಬಿ ಕೆಳಗೇ ಉಳೀತು, ಅದಕ್ಕೇ ಸುಳ್ಳು ಲೆಕ್ಕ ಹೇಳ್ತಿದೆ, ಅವಳು ತಿರುಪು ಸಡಿಲಿಸಿದಳು, ಡಬ್ಬಿಯನ್ನು ಕಂಬದ ಮೇಲೆ ಸರಿಸಿದಳು, ಬಗ್ಗಿ, ಒಂದು ಕಣ್ಣು ಮುಚ್ಚಿ, ನೀಲಿ ಗುರುತಿನ ಮಟ್ಟಕ್ಕೆ ತಂದು ನಿಲ್ಲಿಸಿದಳು — ಅಂದರೆ ಆ ಗುರುತು ಹೃದಯದ ಎತ್ತರ, ಅಷ್ಟೇ, ಬೆಲೆಯಲ್ಲ, ಕತ್ತಿಯಲ್ಲ — ಡಬ್ಬಿಯ ಪುಟ್ಟ ನಲ್ಲಿ ತಿರುಗಿಸಿದಳು, ಪರದೆಯ ಅಲೆ ಮಕಾಡೆ ಬಿದ್ದು ಬರೀ ಗೆರೆಯಾಯಿತು, ಅವನ ಜೀವ ಬಾಯಿಗೆ ಬಂತು, ಹೆದರ್ಬೇಡ್ವೋ, ಸೊನ್ನೆ ಅಂದ್ರೆ ಎಷ್ಟು ಅಂತ ಮಿಷನ್ನಿಗೆ ತೋರಿಸ್ತಿದೀನಿ, ಮತ್ತೆ ತಿರುಗಿಸಿದಳು, ಅಲೆ ಎದ್ದಿತು, ಹದಿನೆಂಟು. ಚಿಕ್ಕಪ್ಪಾ! ಬಾಗಿಲಲ್ಲಿ ಚಿಕ್ಕಪ್ಪ, ಕಿವಿಗೆ ಫೋನು, ಕಣ್ಣು ಪರದೆಗೆ, ಬೇಡಪ್ಪಾ, ಗಾಡಿ ಬೇಡ, ಇವತ್ತು ಬೇಡ. ಬೆವರಿಗೆ ಗುರುತು ಮಾಸ್ತಾ ಇದೆ, ತಗೋ, ಅದರ ಮೇಲೇ ತಿದ್ದು, ಬೇರೆ ಕಡೆ ಗೀಚಿದ್ಯೋ ಕೈ ಮುರೀತೀನಿ, ಪೇ-ರು ಪೆನ್ನು ಕೊಟ್ಟಳು, ಅವನು ಎಡಗೈಯಲ್ಲಿ ಅಜ್ಜಿಯ ಪಕ್ಕೆ ಮುಟ್ಟಿದ, ಥೂ, ಸತ್ತ ಮೀನು, ಅಜ್ಜಿ ಕಣ್ಣು ಬಿಡದೆಯೇ ತೋಳು ಇಳಿಸಿ ಕೈ ಅಮುಕಿಕೊಂಡಳು, ಇನ್ನು ಬಿಡಲ್ಲ, ಪೆನ್ನು ಗಾಳಿಯಲ್ಲೇ, ಬೆರಳ ಸಂದಿನಲ್ಲಿ ಆ ನೀಲಿ ಗುರುತು ಏಳುತ್ತಿದೆ, ಇಳಿಯುತ್ತಿದೆ, ಏಳುತ್ತಿದೆ —