ಶಾಂತ ಮಾಡಿದ ದೀಪ

ಚಿಗಳ್ಳಿಯ ಖೇಮಪ್ಪನ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದ ಅಬ್ದುಲ್ ರಜಾಕ ಸ್ಟ್ಯಾಂಡ್ ಹಾಕದೆ ಹ್ಯಾಂಡಲ್ ಹಿಡಿದುಕೊಂಡೇ ನಿಂತ. ಮೂವತ್ತು ವರ್ಷದಿಂದ ಮುಂಡಗೋಡದಲ್ಲಿ ಗಾಡಿಗಳ ವೈರಿಂಗ್ ಮಾಡುತ್ತ ಬಂದವನು, ಎಂಥೆಂಥ ಗಿರಾಕಿಗಳ ಬೈಗುಳ ತಿಂದು ಅರಗಿಸಿಕೊಂಡವನು. ಇವತ್ತು ಬೈಸಿಕೊಳ್ಳಲೆಂದೇ ಮನೆ ಹುಡುಕಿಕೊಂಡು ಬಂದಿದ್ದ. ಆದರೂ ಹೊಸ್ತಿಲು ದಾಟುವ ಧೈರ್ಯ ಸಾಲದಾಯಿತು.

ಖೇಮಪ್ಪನ ಮಗ ಕುಬೇರ ತೀರಿಕೊಂಡು ಹದಿನೆಂಟು ದಿನವಾಗಿತ್ತು. ಅತ್ತಿವೇರಿಯ ತಿರುವಿನಲ್ಲಿ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಹೋಗಿ ಅವನ ಕಾರು ಸಾಗವಾನಿ ಮರಕ್ಕೆ ಬಡಿದಿತ್ತು. ಪಾಪ, ಬೆಲ್ಟ್ ಕೂಡ ಕಟ್ಟಿಕೊಂಡಿದ್ದ. ಆದರೆ ಸ್ಟೇರಿಂಗಿನೊಳಗಿನ ಏರ್‌ಬ್ಯಾಗ್ ಉಬ್ಬಲಿಲ್ಲ. ಸ್ಟೇರಿಂಗ್ ನೇರ ಎದೆಗೆ ಹೊಡೆಯಿತು. ಊರಿಗೆ ಊರೇ ಕಾರಿನ ಕಂಪನಿಯನ್ನು ಶಪಿಸುತ್ತಿತ್ತು. ಅದು ಯಾಕೆ ಉಬ್ಬಲಿಲ್ಲ ಎಂಬುದು ಗೊತ್ತಿದ್ದದ್ದು ರಜಾಕನೊಬ್ಬನಿಗೆ.

ತಿಂಗಳ ಹಿಂದಿನ ಒಂದು ಶುಕ್ರವಾರ ಕುಬೇರ ಕಾರನ್ನೂ ಹೆಂಡತಿ ತುಳಜಾಳನ್ನೂ ಗ್ಯಾರೇಜಿನಲ್ಲಿ ಬಿಟ್ಟು ಗೊಬ್ಬರದ ಅಂಗಡಿಗೆ ಹೋಗಿದ್ದ. ಹಾರ್ನ್ ಕೆಟ್ಟಿತ್ತು, ಮೀಟರಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಉರಿಯುತ್ತಿತ್ತು. ರಜಾಕ ಬಿಚ್ಚಿ ನೋಡಿದ. ಸ್ಟೇರಿಂಗಿನೊಳಗೆ ಸುರುಳಿ ಸುತ್ತಿಕೊಂಡಿರುವ ಪಟ್ಟಿ ವೈರು ತುಂಡಾಗಿತ್ತು. ಹಾರ್ನಿಗೂ ಏರ್‌ಬ್ಯಾಗಿಗೂ ಕರೆಂಟು ಹೋಗುವುದು ಅದರಿಂದಲೇ. ಹೊಸದು ಹುಬ್ಬಳ್ಳಿಯಿಂದ ಬರಬೇಕಾದರೆ ಹದಿನೈದು ದಿನ. ಅಷ್ಟರಲ್ಲಿ ತುಳಜಾ ಕೂಸನ್ನು ಸೊಂಟದ ಮೇಲೆ ಸರಿಮಾಡಿಕೊಳ್ಳುತ್ತ ಹತ್ತಿರ ಬಂದಳು.

"ಕಾಕಾ, ಹಾರ್ನ್ ಮಾಡ್ರಿ, ಆ ದೀಪಾನೂ ಶಾಂತ ಮಾಡಿ ಕೊಡ್ರಿ. ಅದನ್ನ ನೋಡಿದ್ರ ನನಗ ಅಂಜಿಕಿ ಬರ್ತೈತಿ."

ದೀಪವನ್ನು ಆರಿಸು ಎನ್ನುವುದು ಹಿಂದೂ ಮನೆಗಳಲ್ಲಿ ಬಾಯಿಗೆ ಬರಬಾರದ ಮಾತು. ದೇವರ ಮುಂದಿನ ದೀಪವಾಗಲಿ, ಅಡುಗೆಮನೆಯ ಬಲ್ಬಾಗಲಿ, ಶಾಂತ ಮಾಡು ಎನ್ನಬೇಕು. ಹಿಂದೂಗಳ ಓಣಿಯಲ್ಲೇ ಆಡಿ ಬೆಳೆದ ರಜಾಕನಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದದ್ದೇ ಮುಳುವಾಯಿತು ನೋಡಿ. ಅವನ ಗ್ಯಾರೇಜಿಗೆ ಬರುವ ಅರ್ಧ ಗಿರಾಕಿಗಳು ಕೇಳುವುದೂ ಅದನ್ನೇ: ರೋಗ ಹಾಗೇ ಇರಲಿ, ದೀಪ ಕಾಣದಂತೆ ಮಾಡಿಕೊಡು. ಇವಳೂ ಅದನ್ನೇ ಕೇಳಿದಳೆಂದು ತಿಳಿದುಬಿಟ್ಟ. ಹಾರ್ನಿಗೆ ಬೇರೆ ವೈರು ಎಳೆದು ಪಕ್ಕದಲ್ಲೊಂದು ಗುಂಡಿ ಕೂರಿಸಿದ. ಏರ್‌ಬ್ಯಾಗಿನ ವೈರಿಗೆ ಅಕ್ಕಿಕಾಳಿನಷ್ಟು ಸಣ್ಣ ರೆಸಿಸ್ಟರ್ ಸಿಕ್ಕಿಸಿ, ಎಲ್ಲ ಸರಿಯಿದೆಯೆಂದು ಗಾಡಿಯನ್ನೇ ನಂಬಿಸಿದ. ದೀಪ ಹೋಯಿತು. ಜುಮ್ಮಾ ನಮಾಜಿಗೆ ಹೊತ್ತಾಗಿತ್ತು. ಹೊಸ ಪಟ್ಟಿ ಹಾಕುವ ತನಕ ಏರ್‌ಬ್ಯಾಗ್ ಇದ್ದೂ ಇಲ್ಲದಂತೆ ಎಂಬ ಒಂದು ಮಾತನ್ನು ಹೇಳದೆ ಮಸೀದಿಗೆ ಓಡಿದ. ಪಟ್ಟಿ ಹುಬ್ಬಳ್ಳಿಯಿಂದ ಬಂದಾಗ ಕುಬೇರನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು.

ನಿನ್ನೆ ಹೆಂಡತಿ ಮಾಸೂಮಾಳ ಮುಂದೆ ಎಲ್ಲವನ್ನೂ ಕಕ್ಕಿದ್ದ. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆಮೇಲೆ, ಹೋಗಿ ಹೇಳಿ ಬಾ, ಹೊಡೆದರೆ ಹೊಡೆಸಿಕೋ, ಪೊಲೀಸರಿಗೆ ಕೊಟ್ಟರೆ ಹೋಗು ಎಂದಳು. ಆದರೆ ಆ ಹುಡುಗಿಯ ಹೆಸರು ಮಾತ್ರ ನಿನ್ನ ಬಾಯಲ್ಲಿ ಬರಬಾರದು, ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡವಳು, ಇನ್ನು ಅದೇ ಮನೆಯಲ್ಲಿ ಬಾಳಬೇಕಾದವಳು ಎಂದು ಅವನಿಂದ ಆಣೆ ಮಾಡಿಸಿಕೊಂಡಿದ್ದಳು.

ಖೇಮಪ್ಪನೇ ಹೊರಗೆ ಬಂದು, "ಬಾ ರಜಾಕ, ಯಾಕ ಅಲ್ಲೇ ನಿಂತಿ?" ಎಂದು ಕರೆದ. ಪಡಸಾಲೆಯಲ್ಲಿ ಕುಬೇರನ ತಾಯಿ ಅನುಸೂಯಾಬಾಯಿ ಕಂಬಕ್ಕೆ ಒರಗಿ ಕೂತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ತುಳಜಾ ಎರಡು ವರ್ಷದ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಉಣಿಸುತ್ತಿದ್ದಳು. ನೀರು ಕೊಟ್ಟರು. ರಜಾಕ ತಂಬಿಗೆ ಮುಟ್ಟಲಿಲ್ಲ. ತಪ್ಪು ಕಂಪನಿಯದಲ್ಲ, ನನ್ನದು ಎಂದು ಶುರು ಮಾಡಿ ಪಟ್ಟಿ, ರೆಸಿಸ್ಟರ್, ಹೇಳದೆ ಬಿಟ್ಟ ಮಾತು, ಎಲ್ಲವನ್ನೂ ನೆಲ ನೋಡುತ್ತಲೇ ಹೇಳಿ ಮುಗಿಸಿದ. ತುಳಜಾಳ ಹೆಸರು ಎತ್ತಲಿಲ್ಲ.

ಮುದುಕ ಖೇಮಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನೀ ಅಂಥಾ ಮನಶ್ಯಾ ಅಲ್ಲೋ ರಜಾಕ. ನನ್ನ ಟ್ರ್ಯಾಕ್ಟರಿನ ಒಂದು ಸ್ಕ್ರೂ ಸಡ್ಲ ಬಿಟ್ಟಾವಲ್ಲ ನೀ. ಹಿಂಗ ಯಾಕ ಮಾಡಿದಿ, ಹೇಳು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕೊರಳಪಟ್ಟಿ ಹಿಡಿದು ಎಳೆದಾಡಿದ್ದರೂ ತಡೆದುಕೊಳ್ಳುತ್ತಿದ್ದ. ಈ ಮೆತ್ತಗಿನ ಮಾತಿಗೆ ಅವನಿಗೆ ದುಃಖ ಉಕ್ಕಿ ಬಂತು.

"ಅಷ್ಟ ಸಾಕು ಅಂತ ತಿಳ್ಕೊಂಡ್ನಿರಿ," ಎಂದು ಬಿಕ್ಕಿದ. "ಈ ತಂಗಿ ದೀಪ ಶಾಂತ ಮಾಡಿ ಕೊಡ್ರಿ ಅಂದ್ಲು. ನಾ ಶಾಂತ ಮಾಡಿ ಕೊಟ್ನಿ."

ಆಡಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಅಯ್ಯೋ, ಎಂಥ ಕೆಲಸ ಮಾಡಿದೆ! ಅವಳದೇನೂ ತಪ್ಪಿಲ್ಲ, ಅವಳು ಹೇಳಿದ್ದು ರಿಪೇರಿ ಮಾಡು ಅಂತಲೇ, ನಾನೇ ಪಾಪಿ ಎಂದು ಗಡಬಡಿಸಿ ಹೇಳತೊಡಗಿದ. ಕೇಳುವವರು ಯಾರಿದ್ದರು? ಖೇಮಪ್ಪ ತಲೆ ತಗ್ಗಿಸಿದ್ದ. ಅನುಸೂಯಾಬಾಯಿ ಕಂಬ ಬಿಟ್ಟು ನೆಟ್ಟಗೆ ಕೂತು ಸೊಸೆಯ ಕಡೆಗೆ ತಿರುಗಿದ್ದಳು.

"ನೀ ಹಂಗ ಅಂದಿದ್ದಿ?"

ಇಲ್ಲ ಎನ್ನಬಹುದಾಗಿತ್ತು ತುಳಜಾ. ಇಲ್ಲ ಅನ್ನಲಿ ಎಂದು ರಜಾಕ ಮನಸ್ಸಿನಲ್ಲೇ ಅಲ್ಲಾಹನನ್ನು ಬೇಡಿಕೊಂಡ.

"ಅಂದಿದ್ನಿರಿ, ಅತ್ತಿ," ಎಂದಳು ಅವಳು. "ಅದು ಹೋದ್ರ ಗಾಡಿ ಚಲೋ ಆತು ಅಂತ ತಿಳದಿದ್ನಿ."

ಅನುಸೂಯಾಬಾಯಿ ಮೊಣಕಾಲಿಗೆ ಕೈ ಊರಿ ಎದ್ದು ಬಂದು, ಸೊಸೆಯ ತೊಡೆಯ ಮೇಲಿದ್ದ ಕೂಸನ್ನು ಎತ್ತಿಕೊಂಡಳು. ಬಾಯಿತುಂಬ ಅನ್ನವಿದ್ದ ಕೂಸು ಅಜ್ಜಿಯ ಹೆಗಲ ಮೇಲಿಂದ ಅವ್ವನ ಕಡೆಗೆ ಕೈ ಚಾಚಿತು. ಅಜ್ಜಿ ತಿರುಗಿ ನೋಡದೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಲಸಿದ ಅನ್ನದ ಮುಂದಿನ ತುತ್ತು ತುಳಜಾಳ ಬೆರಳಲ್ಲೇ ಇತ್ತು.