ಹದಿನಾಲ್ಕು ಮಂದಿ ಬುರ್ಗ್‌ಟ್ರೆಪ್‌ಗಳು

ನನ್ನ ಗಂಡ ಬದರೀನಾಥ ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಮೂವತ್ತೆರಡು ವರ್ಷ ಸಂಸಾರ ಮಾಡಿದವಳು ಹೇಳುತ್ತಿದ್ದೇನೆ, ಎಷ್ಟೋ ಕೆಲಸಗಳನ್ನು ಅರ್ಧಕ್ಕೆ ಬಿಡುವುದೇ ವಾಸಿ.

ಪಾರ್ಸಿಪನಿಯ ಆಫೀಸಿನಿಂದ ಅವರು ರಿಟೈರ್ ಆಗಿ ಒಂದು ವರ್ಷವಾಗಿತ್ತು. ಅಷ್ಟರಲ್ಲಿ ನಮ್ಮ ಮೆಟುಚೆನ್ ಮನೆಯ ಎಲ್ಲ ಸ್ಕ್ರೂಗಳನ್ನು ಬಿಗಿ ಮಾಡಿ, ಗ್ಯಾರೇಜಿನ ಡಬ್ಬಗಳಿಗೆ ಲೇಬಲ್ ಅಂಟಿಸಿ, ನನ್ನ ಅಡುಗೆಮನೆಯ ಸಾಮಾನನ್ನು ಅಕಾರಾದಿಯಾಗಿ ಜೋಡಿಸಿಟ್ಟಿದ್ದರು. ಒಗ್ಗರಣೆಗೆ ಎಣ್ಣೆ ಕಾದಿರುವಾಗ ಸಾಸಿವೆಗಾಗಿ ನಾನು ಯರಲವದಿಂದ ಎಣಿಸುತ್ತ ಹೋಗಬೇಕಾಗಿತ್ತು. ನಾನಿನ್ನೂ ದಿನಾ ರೈಲು ಹತ್ತಿ ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರ ಲ್ಯಾಬಿಗೆ ಹೋಗುತ್ತೇನೆ. ಅದರಿಂದ ಬಚಾವಾದೆ.

ಇಂಥ ಮನುಷ್ಯನ ಕೈಗೆ ಪುರೋಹಿತರ ಫಾರ್ಮು ಸಿಕ್ಕಿತು. ನಮ್ಮ ಮಗಳು ಹಂಸಿನಿ, ತನ್ನ ಜೊತೆ ಓದಿದ ಎರಿಕ್‌ನನ್ನು ಮದುವೆಯಾಗುವುದೆಂದು ನಿಶ್ಚಯವಾಗಿತ್ತು. ನಮ್ಮ ಪುರೋಹಿತ ವಿಶ್ರುತ್ ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಹುಡುಗ. ಶನಿವಾರ, ಭಾನುವಾರ ಪಂಚೆ ಉಟ್ಟು ಪೌರೋಹಿತ್ಯ. ಆದ್ದರಿಂದ ಅವನ ಪ್ರಶ್ನೆಗಳೆಲ್ಲ ಸ್ಪ್ರೆಡ್‌ಶೀಟಿನಲ್ಲಿ ಬರುತ್ತವೆ. ಮಂಟಪದಲ್ಲಿ ಪ್ರವರ ಹೇಳುವಾಗ ವರ ಯಾರ ಮರಿಮಗ, ಯಾರ ಮೊಮ್ಮಗ, ಯಾರ ಮಗ ಎಂದು ಮೂರು ತಲೆಮಾರಿನ ಹೆಸರು ಘೋಷಿಸಬೇಕಲ್ಲ, ಅದಕ್ಕೆ ಮೂರು ಕಾಲಂ. ಗೋತ್ರಕ್ಕೆ ಒಂದು ಕಾಲಂ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಎಂದು ಅವನೇ ತುಂಬಿಕೊಂಡಿದ್ದ.

ಎರಿಕ್‌ನ ತಂದೆ ರೂಡಿ, ಎಪ್ಪತ್ತೆರಡರ ಗಟ್ಟಿ ಆಳು. ಹೆಂಡತಿ ತೀರಿಕೊಂಡು ಆರು ವರ್ಷ. ಮ್ಯಾನ್‌ಹಟನ್ನಿನ ಎತ್ತರದ ಕಟ್ಟಡಗಳಲ್ಲಿ ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ, ಈಗ ಪಾರ್ಸಿಪನಿ ಆಚೆ ಸಣ್ಣ ಮನೆಯೊಂದರಲ್ಲಿ ಒಬ್ಬರೇ ಇದ್ದಾರೆ. ಮೊದಲ ಸಲ ಊಟಕ್ಕೆ ಬಂದಾಗ ಬಾಗಿಲಲ್ಲೇ ಕೈ ಚಾಚಿ, "ರೂಡಿ ಬುರ್ಗ್‌ಟ್ರೆಪ್, ಹದಿನಾಲ್ಕರಲ್ಲಿ ಒಬ್ಬ" ಎಂದಿದ್ದರು. ಅವರು ಆಡಿದ್ದು ಇಂಗ್ಲಿಷಿನಲ್ಲಿ. ನಾನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಅರ್ಥ ಆಮೇಲೆ ತಿಳಿಯಿತು. ಆ ಅಡ್ಡಹೆಸರಿನವರು ಇಡೀ ಅಮೆರಿಕದಲ್ಲಿ ಹದಿನಾಲ್ಕೇ ಜನವಂತೆ. ಜರ್ಮನಿಯಲ್ಲಿ ಒಬ್ಬರೂ ಉಳಿದಿಲ್ಲವಂತೆ. ಬುರ್ಗ್‌ಟ್ರೆಪ್ ಅಂದರೆ ಕೋಟೆಯ ಮೆಟ್ಟಿಲು. ಅಲ್ಲಿಗೆ ತಮ್ಮ ಹಿರಿಯರು ಒಂದು ಕೋಟೆಯ ಒಡೆಯರು, ವಂಶ ಕರಗುತ್ತ ಬಂದು ತಾವಿಷ್ಟು ಜನ ಕೊನೆಗೆ ಉಳಿದವರು ಎಂದು ರೂಡಿ ನಂಬಿದ್ದರು. ಬರೀ ನಂಬಿಕೆಯಲ್ಲ, ಸಿಂಹ, ಗೋಪುರ ಇರುವ ಗುರಾಣಿಯೊಂದನ್ನು ಮಾಡಿಸಿ ಹಾಲಿನ ಗೋಡೆಗೆ ನೇತುಹಾಕಿದ್ದರು. ಮದುವೆ ಮಂಟಪದ ಬಾಗಿಲಲ್ಲೂ ಅದನ್ನು ನಿಲ್ಲಿಸೋಣವೇ ಎಂದು ಸಂಕೋಚದಿಂದ ಕೇಳಿದ್ದರು. ನಿಲ್ಲಿಸಿ, ಪಕ್ಕದಲ್ಲೊಂದು ಗಣಪತಿ ಇರುತ್ತಾನೆ, ಇಬ್ಬರೂ ಮಾತಾಡಿಕೊಂಡಿರಲಿ ಎಂದೆ.

ಅವರಿಗೆ ನಮ್ಮ ಹೆಸರಿನ ಕಥೆ ಕೇಳಿ ತುಂಬಾ ದಿಗಿಲಾಯಿತು. ನನ್ನ ಗಂಡನ ಲಾಸ್ಟ್ ನೇಮ್ ಅವರ ಅಪ್ಪನ ಹೆಸರು, ನಂಜುಂಡಯ್ಯ. ನನ್ನದೂ ಮಗಳದೂ ಬದರೀನಾಥ. ನಮ್ಮ ಮೈಸೂರಿನ ಕಡೆ ಮನೆತನದ ಹೆಸರಿಗೆ ಒಂದೇ ತಲೆಮಾರಿನ ಆಯಸ್ಸು, ಅಪ್ಪನ ಜೊತೆ ಅದೂ ಹೋಗುತ್ತದೆ, ಯಾರೂ ಅಳುವುದಿಲ್ಲ. ಇದನ್ನು ಹೇಳಿದಾಗ ರೂಡಿ ನನ್ನ ಕೈ ತಟ್ಟಿ ಸಮಾಧಾನ ಮಾಡಿದರು.

ಫಾರ್ಮಿನ ಕಾಲಂನಲ್ಲಿ ಅಪ್ಪ ರುಡಾಲ್ಫ್ (ರೂಡಿಯ ಪೂರ್ತಿ ಹೆಸರು), ಅಜ್ಜ ಓಟ್ಟೋ ಎಂದು ತುಂಬಿದ್ದಾಯಿತು. ಮುತ್ತಜ್ಜನ ಹೆಸರು ರೂಡಿಗೆ ಗೊತ್ತಿಲ್ಲ. ರೂಡಿ ಹುಟ್ಟುವ ಮುಂಚೆಯೇ ತೀರಿಕೊಂಡವರು, ಮನೆಯಲ್ಲಿ ಎಲ್ಲರೂ ತಾತ ಎಂದೇ ಅನ್ನುತ್ತಿದ್ದರಂತೆ. "ಡೋಂಟ್ ವರಿ ರೂಡಿ, ಐ ವಿಲ್ ಫೈಂಡ್" ಎಂದರು ನಮ್ಮವರು. ಆ ಕ್ಷಣದಲ್ಲೇ ನಾನು ಅವರ ಕೈಯಿಂದ ಲ್ಯಾಪ್‌ಟಾಪ್ ಕಿತ್ತುಕೊಳ್ಳಬೇಕಿತ್ತು.

ಹತ್ತು ದಿನದಲ್ಲಿ ಮುತ್ತಜ್ಜನ ಹೆಸರು ಸಿಕ್ಕಿತು, ಆಗಸ್ಟ್. ಅವನು ಅಮೆರಿಕಕ್ಕೆ ಬಂದ ಹಡಗಿನ ಪಟ್ಟಿಯಲ್ಲಿ ಊರೂ ಸಿಕ್ಕಿತು. ವಿಶ್ರುತ್‌ನ ಕಾಲಂ ತುಂಬಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲಿಸಿ ಕಾಫಿ ಕುಡಿಯುತ್ತಿದ್ದರು. ಇವರು ಆ ಊರಿನ ಚರ್ಚಿಗೆ ಮೇಲ್ ಬರೆದರು. ಆಗಸ್ಟ್‌ನ ಅಪ್ಪ ಯಾರು, ಅವನ ಅಪ್ಪ ಯಾರು ಎಂದು ಹಳೆಯ ದಾಖಲೆಗಳ ಚಿತ್ರ ತರಿಸಿಕೊಂಡರು. ಆ ಗೀಚುಬರಹ ಓದಿಕೊಡುವ ಒಬ್ಬರನ್ನೂ ಆನ್‌ಲೈನಿನಲ್ಲಿ ಹಿಡಿದರು. ಸಂಜೆ ನಾನು ಕಮ್ಯೂಟ್ ಮಾಡಿ ಸುಸ್ತಾಗಿ ಬಂದರೆ, ಮನೆಯಲ್ಲಿ ಹದಿನೆಂಟನೇ ಶತಮಾನ ನಡೆಯುತ್ತಿತ್ತು.

ಮದುವೆಗೆ ಇನ್ನು ಐದು ವಾರ ಇತ್ತು. ಒಂದು ಗುರುವಾರ ಬೆಳಿಗ್ಗೆ ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಫೋನ್ ಟಣ್ ಎಂದಿತು. ಮದುವೆಗೆಂದು ನಮ್ಮವರು ಎರಡು ವಾಟ್ಸಾಪ್ ಗುಂಪು ಮಾಡಿದ್ದರು. ಒಂದು ನಮ್ಮ ಮನೆಯವರಿಗೆ, ಇನ್ನೊಂದು ಎರಡೂ ಕಡೆಯವರಿಗೆ. ಎರಡನೆಯದರಲ್ಲಿ ನೂರಾ ಎಂಬತ್ತು ಜನ. ಸಂದೇಶ ಬಂದದ್ದು ಅದರಲ್ಲಿ. "ಗುಡ್ ನ್ಯೂಸ್. ಬುರ್ಗ್‌ಟ್ರೆಪ್ ಆರಿಜಿನ್ ಫೌಂಡ್. ನೋ ಲಾರ್ಡ್ಸ್. ಅಬ್ಯಾಂಡನ್ಡ್ ಬೇಬಿ ಆನ್ ಕಾಸಲ್ ಸ್ಟೆಪ್ಸ್. ಪಿಡಿಎಫ್ ಅಟ್ಯಾಚ್ಡ್." ಕೊನೆಯಲ್ಲಿ ಕೈಮುಗಿಯುವ ಚಿತ್ರ.

ತಕ್ಷಣ ಮನೆಗೆ ಫೋನ್ ಮಾಡಿದೆ.

"ರೀ, ಏನು ಹಾಕಿದ್ದೀರ ನೋಡಿದ್ರಾ?"

"ರೂಟ್ ಕಾಸ್ ಸಿಕ್ತು ಕಣೇ" ಎಂದರು, ಉತ್ಸಾಹದಲ್ಲಿ. "ಆ ಹೆಸರು ಯಾಕಷ್ಟು ಅಪರೂಪ ಗೊತ್ತಾ? ಆ ಮಗುಗಿಂತ ಮುಂಚೆ ಆ ಹೆಸರೇ ಇರಲಿಲ್ಲ. ಪಾದ್ರಿ ಹೊಸದಾಗಿ ಇಟ್ಟಿದ್ದು."

"ಅದನ್ನ ರೂಡಿ ಒಬ್ಬರ ಹತ್ರಾನೇ ಕೂತು ಹೇಳೋ ವಿಷಯ ಅಲ್ವಾ? ಊರಿಗೆಲ್ಲ ಡಂಗುರ ಹೊಡೆದಿದ್ದೀರಲ್ಲ. ಅವರ ಹೆಂಡತಿ ಕಡೆಯವರು, ಅವರ ಸ್ನೇಹಿತರು, ನಮ್ಮ ನಂದಾ ಅತ್ತೆ, ಎಲ್ಲ ಇದ್ದಾರೆ ಅದ್ರಲ್ಲಿ."

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಡಿಲೀಟ್ ಮಾಡ್ಲಾ?" ಎಂದರು. ಅಷ್ಟರಲ್ಲಿ ನಂದಾ ಅತ್ತೆ ಧಾರವಾಡದಿಂದ "ಅಯ್ಯ ಪಾಪ, ಕೂಸಿನ್ನ ಯಾರು ಬಿಟ್ಟು ಹೋಗಿದ್ರು?" ಎಂದು ಕೇಳಿಯಾಗಿತ್ತು.

ರೂಡಿಯದು ಒಂದು ಅಭ್ಯಾಸ. ಗುಂಪಿನಲ್ಲಿ ಯಾರು ಏನು ಹಾಕಿದರೂ, ನಮ್ಮ ಮನೆಯವರು ಕನ್ನಡದಲ್ಲಿ ಹಾಕುವ ಏಕಾದಶಿಯ ಶುಭಾಶಯಕ್ಕೂ, ತಪ್ಪದೆ ಹೆಬ್ಬೆರಳು ಎತ್ತುತ್ತಿದ್ದರು. ಅವತ್ತು ಎತ್ತಲಿಲ್ಲ. ಮರುದಿನವೂ ಇಲ್ಲ. ನಮ್ಮವರು ಮಾಡಿದ ಎಂಟು ಕರೆಗೂ ಉತ್ತರವಿಲ್ಲ. ಎರಿಕ್ ಮಾಡಿದರೂ ಲೈನ್ ಬಿಜಿ ಎಂದೇ ಬರುತ್ತಿತ್ತು.

ಶನಿವಾರ ಹಂಸಿನಿ ಮ್ಯಾನ್‌ಹಟನ್ನಿನಿಂದ ಬಂದಳು. ಸ್ಟೇಷನ್ನಿನಲ್ಲಿ ಕಾರು ಹತ್ತುತ್ತಲೇ ಅಪ್ಪನನ್ನು ನೋಡಿ, "ಅಪ್ಪಾ, ದಟ್ ನೇಮ್ ಈಸ್ ಆಲ್ ಹಿ ಹ್ಯಾಸ್" ಎಂದಳು. ಎರಿಕ್‌ನ ಅಮ್ಮ ಹೋದ ಮೇಲೆ ರೂಡಿ ಮೊದಲ ಸಲ ನಾಲ್ಕು ಜನರೆದುರು ನಗುತ್ತಿರುವುದು ಈ ಮದುವೆಯ ನೆಪದಲ್ಲಿ. ಅವರು ಮಂಟಪದಲ್ಲಿ ಬಂದು ನಿಲ್ಲದಿದ್ದರೆ ತನಗೆ ಈ ಮದುವೆಯೇ ಬೇಡ ಎಂದು ಅತ್ತಳು. ನಮ್ಮವರು ಕನ್ನಡಿಯಲ್ಲಿ ಮಗಳನ್ನು ನೋಡಿದರು. ಅವರ ಮೇಲೆ ನನಗೆ ಸಿಟ್ಟೂ ಬಂತು, ಕನಿಕರವೂ ಆಯಿತು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಬೈಯುವುದು ಸುಲಭವಿತ್ತು.

ಮನೆಗೆ ಹೋಗದೆ ಹಾಗೇ ರೂಡಿಯ ಮನೆಗೆ ಡ್ರೈವ್ ಮಾಡಿದೆವು. ಹಂಸಿನಿ ಕಣ್ಣು ಒರೆಸಿಕೊಂಡು ಬರುತ್ತೇನೆಂದು ಕಾರಿನಲ್ಲೇ ಕೂತಳು. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಬೋಳು ಗೋಡೆ. ಗುರಾಣಿ ಇದ್ದ ಜಾಗದಲ್ಲಿ ಮೊಳೆ ಮಾತ್ರ ಇತ್ತು. ಇನ್ನು ಮುಗಿಯಿತು ಅನ್ನಿಸಿತು.

ರೂಡಿ ಊಟದ ಮೇಜಿನ ಹತ್ತಿರ ಕೂತಿದ್ದರು. ಮುಂದೆ ಹರಡಿದ ಕಾಗದಗಳು, ಚಾರ್ಜಿಗೆ ಹಾಕಿದ ಫೋನು. ನಮ್ಮವರು ಕೂರಲೇ ಇಲ್ಲ. ಅಪರಾಧಿಯ ಹಾಗೆ ನಿಂತೇ, "ರೂಡಿ, ನಿಮಗೆ ಮೊದಲು ಹೇಳಬೇಕಿತ್ತು. ನನ್ನದು ತಪ್ಪು" ಎಂದರು.

"ಹೌದು, ಹೇಳಬೇಕಿತ್ತು" ಎಂದರು ರೂಡಿ. ಸ್ವಲ್ಪವೂ ನಗಲಿಲ್ಲ. "ಗುರುವಾರ ನೀವು ಸಿಕ್ಕಿದ್ದರೆ ಏನನ್ನುತ್ತಿದ್ದೆನೋ ಗೊತ್ತಿಲ್ಲ. ಗುರಾಣಿ ಕಿತ್ತು ಗ್ಯಾರೇಜಿಗೆ ಎಸೆದೆ. ಇಷ್ಟು ವರ್ಷ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಕೋಟೆಯ ಕಥೆ ಹೇಳಿದ್ದೇನೆ. ಎಷ್ಟು ಜನ ನಕ್ಕಿರಬೇಡ ಅಂದುಕೊಂಡೆ."

ಆಮೇಲೆ ಒಂದು ಕಾಗದವನ್ನು ನನ್ನ ಕಡೆ ತಳ್ಳಿದರು. "ಶುಕ್ರವಾರ ಇದನ್ನು ಪೂರ್ತಿ ಓದಿದೆ. ನೀವು ಓದಿದ್ದೀರಾ?"

ನಿಜ ಹೇಳಬೇಕೆಂದರೆ ನಾನು ಓದಿರಲಿಲ್ಲ. ಬೈಯುವುದರಲ್ಲೇ ಹೊತ್ತು ಹೋಗಿತ್ತು. ಅಲ್ಲೇ ನಿಂತು ಓದಿದೆ. ಇನ್ನೂರ ಮೂವತ್ತು ವರ್ಷದ ಹಿಂದೆ ಪಾದ್ರಿ ಬರೆದಿಟ್ಟ ಆರು ಸಾಲಿನ ಇಂಗ್ಲಿಷ್ ಅನುವಾದ. ಚಳಿಗಾಲದ ಒಂದು ಬೆಳಿಗ್ಗೆ ಕೋಟೆಯ ಬಟ್ಟೆ ಒಗೆಯುವ ವಿಧವೆ ಬಾರ್ಬರಾ, ಮೆಟ್ಟಿಲ ಮೇಲೆ ಒಂದೆರಡು ದಿನದ ಗಂಡುಮಗುವನ್ನು ಕಂಡಳು. ಅನಾಥಾಲಯಕ್ಕೆ ಕಳಿಸೆಂದು ಊರವರು ಹೇಳಿದರು. ಮೂರು ಮಕ್ಕಳನ್ನು ಮಣ್ಣಿಗೆ ಕೊಟ್ಟಿದ್ದ ಅವಳು ಒಪ್ಪಲಿಲ್ಲ. ಸತ್ತ ಗಂಡನ ಹೆಸರನ್ನು ಮಗುವಿಗೆ ಕೊಡಲು ಕಾನೂನು ಬಿಡಲಿಲ್ಲವಾದ್ದರಿಂದ, ಯೋಹಾನ್ ಎಂದು ಹೆಸರಿಟ್ಟು, ಸಿಕ್ಕಿದ ಜಾಗವನ್ನೇ ಅಡ್ಡಹೆಸರಾಗಿ ಬರೆದಿದ್ದೇನೆ ಎಂದಿದ್ದ ಪಾದ್ರಿ. ಇಷ್ಟೇ. ಮತ್ತೊಮ್ಮೆ ಮೊದಲಿನಿಂದ ಓದಿದೆ.

"ನಾನು, ನನ್ನ ಮಗ ಬಿಟ್ಟರೆ ಆ ಉಳಿದ ಹನ್ನೆರಡು ಜನರ ಜೊತೆ ನಾನು ಯಾವತ್ತೂ ಮಾತಾಡಿರಲಿಲ್ಲ" ಎಂದರು ರೂಡಿ. "ಕೇಳಿದರೆ ಒಬ್ಬೊಬ್ಬರೇ ಸತ್ತ ಸುದ್ದಿ ಬರುತ್ತದೆ ಅಂತ ಭಯ. ಕೊನೆಗೆ ನಾವಿಷ್ಟೇ ಉಳಿದವರು ಅಂದುಕೊಂಡಿದ್ದೆನಲ್ಲ. ಪ್ರಭಾ, ನಾವು ಉಳಿದವರಲ್ಲ. ಅಲ್ಲಿ ದೊಡ್ಡ ವಂಶ ಇರಲೇ ಇಲ್ಲ. ಒಂದೇ ಒಂದು ಮಗು ಇತ್ತು. ಅದು ಬದುಕಿ ಇಷ್ಟು ಜನ ಆಗಿದ್ದೇವೆ. ನಿನ್ನೆಯಿಂದ ಎಲ್ಲರಿಗೂ ಫೋನ್ ಮಾಡುತ್ತಿದ್ದೇನೆ. ಈಗ ಹದಿನೇಳು. ಒಹಾಯೋದಲ್ಲಿ ಮೂರು ಮಕ್ಕಳು ಹುಟ್ಟಿವೆ."

ನಮ್ಮವರು ಅಲ್ಲೇ ಇದ್ದ ಕುರ್ಚಿ ಎಳೆದುಕೊಂಡು ಕುಸಿದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಹಂಸಿನಿ ಹುಟ್ಟಿದ ದಿನ ಬಿಟ್ಟರೆ ಅವತ್ತೇ. ಒಳಗೆ ಬಂದ ಹಂಸಿನಿ ಏನಾಗಿದೆಯೆಂದು ತಿಳಿಯದೆ, ಇಬ್ಬರು ಮುದುಕರನ್ನೂ ಸುಮ್ಮನೆ ತಬ್ಬಿಕೊಂಡಳು.

"ಮದುವೆಗೆ ಅವರನ್ನೂ ಕರೆಯಬಹುದೇ?" ಎಂದರು ರೂಡಿ. "ಮತ್ತೆ ಒಂದು ಮಾತು. ಮುತ್ತಜ್ಜನ ಹೆಸರು ಹೇಳುವಾಗ, ಆ ಹೆಂಗಸಿನ ಹೆಸರನ್ನೂ ನಿಮ್ಮ ಪುರೋಹಿತರು ಹೇಳುತ್ತಾರಾ?"

ಮೊದಲನೆಯದು ಸುಲಭ. ನಮ್ಮ ಮದುವೆಗಳಲ್ಲಿ ಮೂವತ್ತೆಲೆ ಹೆಚ್ಚು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯದಕ್ಕೆ, ಮನೆಗೆ ಬಂದು ಫೋನ್ ಮಾಡಿ ಕೇಳಿದರೆ, ವಿಶ್ರುತ್ ರಾಗ ಎಳೆದ.

"ಆಂಟಿ, ಪ್ರವರದಲ್ಲಿ ಮೂರೇ ತಲೆಮಾರು. ಅದೂ ಗಂಡಸರು. ಫಾರ್ಮ್ಯಾಟ್ ಫಿಕ್ಸ್ಡ್."

"ಗೋತ್ರ ಗೊತ್ತಿಲ್ದವರಿಗೆ ಕಾಶ್ಯಪ ಅಂತ ನೀನೇ ತುಂಬ್ತೀಯಲ್ಲ, ಅದಕ್ಕೆ ಜಾಗ ಇದೆ. ಸಾಕಿದ ತಾಯಿಗೆ ಜಾಗ ಇಲ್ವಾ?" ಎಂದೆ.

"ನೋಡ್ತೀನಿ ಆಂಟಿ" ಎಂದ. ಅದು ಇಲ್ಲ ಎನ್ನುವುದಕ್ಕೆ ಆ ಹುಡುಗರು ಹೇಳುವ ಮಾತು. ನಾನು ರೂಡಿಗೆ ಭರವಸೆ ಕೊಡಲಿಲ್ಲ.

ಮದುವೆಯ ದಿನ ದೇವಸ್ಥಾನದ ಹಾಲಿನಲ್ಲಿ ಮುಂದಿನ ಎರಡು ಸಾಲು ಬುರ್ಗ್‌ಟ್ರೆಪ್‌ಗಳು. ಟೆಕ್ಸಾಸಿನ ತೊಂಬತ್ತರ ಮುದುಕಿಯಿಂದ ಒಹಾಯೋದ ಕೈಗೂಸಿನ ತನಕ. ಒಬ್ಬರ ಮೂಗು ಒಬ್ಬರು ನೋಡಿಕೊಂಡು ನಗುತ್ತಿದ್ದರು. ಎಲ್ಲರ ಕೈಗೂ ನಮ್ಮವರು ಅಕ್ಷತೆ ಹಂಚಿ, ತಾಳಿ ಕಟ್ಟುವಾಗ ಮಾತ್ರ ಹಾಕಬೇಕೆಂದು ಮೂರು ಮೂರು ಸಲ ಹೇಳಿದ್ದರು.

ಪ್ರವರ ಶುರುವಾಯಿತು. ಆಗಸ್ಟ್ ವರ್ಮಣಃ ಪ್ರಪೌತ್ರಾಯ, ಓಟ್ಟೋ ವರ್ಮಣಃ ಪೌತ್ರಾಯ, ರುಡಾಲ್ಫ್ ವರ್ಮಣಃ ಪುತ್ರಾಯ. ಅಲ್ಲಿಗೆ ಮುಗಿಯಬೇಕಿತ್ತು. ವಿಶ್ರುತ್ ನಿಲ್ಲಿಸಿದ, ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ದನಿ ಎತ್ತರಿಸಿ, ತಾನೇ ಕಟ್ಟಿಕೊಂಡು ಬಂದದ್ದನ್ನು ಹೇಳಿದ. "ಬಾರ್ಬರಾಯಾಃ ಪಾಲಿತಪುತ್ರಸ್ಯ ಯೋಹಾನಸ್ಯ ವಂಶಜಾಯ."

ಒಂದು ಗಂಟೆಯಿಂದ ಒಂದಕ್ಷರವೂ ಅರ್ಥವಾಗದೆ ಕೂತಿದ್ದ ಎರಡು ಸಾಲಿಗೆ ಆ ಹೆಸರು ಅರ್ಥವಾಯಿತು. ಟೆಕ್ಸಾಸಿನ ಮುದುಕಿ ಕೋಲು ಊರಿಕೊಂಡು ಎದ್ದುನಿಂತಳು. ಅವಳನ್ನು ನೋಡಿ ಉಳಿದವರೂ ಒಬ್ಬೊಬ್ಬರೇ ಎದ್ದರು. ಅವರು ಎದ್ದದ್ದನ್ನು ನೋಡಿ ಹಿಂದೆ ಕೂತಿದ್ದ ನಮ್ಮ ನೂರಿಪ್ಪತ್ತು ಜನ, ಮಾತಿನಲ್ಲಿ ಮುಳುಗಿದ್ದವರು, ತಾಳಿಯ ಹೊತ್ತಾಯಿತೆಂದು ಗಡಬಡಿಸಿ ಎದ್ದು ಅಕ್ಷತೆ ಎಸೆದೇಬಿಟ್ಟರು.

"ಈಗಲ್ಲ, ಈಗಲ್ಲ" ಎಂದು ನಮ್ಮವರು ಕೈ ಬೀಸುತ್ತ ಓಡಿದರು. ನಾನು ಅವರ ಪಂಚೆ ಹಿಡಿದು ನಿಲ್ಲಿಸಿದೆ. ರೂಡಿ ಮಗನ ಪಕ್ಕದಲ್ಲಿ ತಲೆಯ ಮೇಲೆ ಅಕ್ಕಿ ಬೀಳಿಸಿಕೊಂಡು ನಿಂತಿದ್ದರು. ಈಗಲೇ ರೀ ಎಂದು ಹೇಳಿ, ನನ್ನ ಮುಷ್ಟಿಯಲ್ಲಿದ್ದದ್ದನ್ನೂ ಎಸೆದೆ.